ಶ್ರೀವಾಣಿಯ ಹೂಕೋಸು ಮಜ್ಜಿಗೆ

ನನ್ನ ತಮ್ಮ ಪ್ರಶಾಂತನಿಗೆ ನಿದ್ದೆ ಬರುವುದಿಲ್ಲ ಅಂತ ಅವನ ಹೆಂಡತಿ ಶ್ರೀವಾಣಿ ಮಾಡದ ಉಪಾಯವಿಲ್ಲ. ಅವನಿರುವುದು ಜಯಪುರದಲ್ಲಿ, ಬಸರೀಕಟ್ಟೆ ಕಡೆ ಬಾಡಿಗೆ ಜೀಪು ಓಡಿಸುತ್ತಾನೆ. ಬೆಳಕು ಹರಿಯುವ ಮೊದಲೇ ತೋಟದ ಆಳುಗಳನ್ನು ತುಂಬಿಕೊಂಡು ಹೊರಡಬೇಕು. ಅಂಥವನು ರಾತ್ರಿಯೆಲ್ಲ ಹೊರಳಾಡಿದರೆ ಹೇಗೆ? ಗಸಗಸೆ ಪಾಯಸ ಮಾಡಿದಳು, ಅಂಗಾಲಿಗೆ ಎಣ್ಣೆ ತಿಕ್ಕಿದಳು. ಯಾವುದೂ ನಾಟಲಿಲ್ಲ.

ಕೊನೆಗೆ ಶೃಂಗೇರಿಯ ಗೆಳತಿಯೊಬ್ಬಳು ಕೆಫಿರ್ ಅನ್ನುವುದೊಂದನ್ನು ಕೊಟ್ಟಳು. ನೋಡಲಿಕ್ಕೆ ಹೂಕೋಸಿನ ಚೂರಿನ ಹಾಗೆ ಬಿಳಿ ಗಂಟುಗಳು. ಹಾಲಿಗೆ ಹಾಕಿಟ್ಟರೆ ಮರುದಿನಕ್ಕೆ ಹಾಲು ಹುಳಿಯಾಗಿ ಗಟ್ಟಿಯಾಗುತ್ತದೆ. ಅದನ್ನು ಸೋಸಿಕೊಂಡು ಕುಡಿಯಬೇಕು, ಗಂಟುಗಳನ್ನು ಮತ್ತೆ ಹೊಸ ಹಾಲಿಗೆ ಹಾಕಬೇಕು. ಪ್ರಶಾಂತ ಅದಕ್ಕೆ ಹೂಕೋಸು ಮಜ್ಜಿಗೆ ಅಂತ ಹೆಸರಿಟ್ಟು, ಮೂಗು ಹಿಡಿದುಕೊಂಡು ಕುಡಿದ. ಕೆಲವೇ ವಾರಗಳಲ್ಲಿ ಅವನ ಗೊರಕೆ ಕೇಳಲಿಕ್ಕೆ ಶುರುವಾಯಿತಂತೆ. "ಈಗ ನಂಗೆ ನಿದ್ದೆ ಇಲ್ಲ ಅತ್ತಿಗೆ" ಅಂತ ಶ್ರೀವಾಣಿ ಫೋನಿನಲ್ಲಿ ನಗುತ್ತಿದ್ದಳು. ಗಂಟುಗಳು ಬೆಳೆದು ಹೆಚ್ಚಾದಾಗ ಒಂದು ಪಾಲನ್ನು ಕೊಪ್ಪಕ್ಕೆ ತಂದು ನನಗೂ ಕೊಟ್ಟಳು.

ಕಳೆದ ಫೆಬ್ರವರಿಯಲ್ಲಿ ಶ್ರೀವಾಣಿ ಹೋದಳು. ಬೆಳಿಗ್ಗೆ ನೋಡಿದಾಗ ಹಾಸಿಗೆಯಲ್ಲಿ ತಣ್ಣಗಾಗಿದ್ದಳು. ಹೃದಯಾಘಾತ ಅಂದರು ಡಾಕ್ಟರು. ನಲವತ್ತೂ ತುಂಬಿರಲಿಲ್ಲ. ಬಂದವರೆಲ್ಲ "ನಿದ್ದೆಯಲ್ಲೇ ಹೋದಳು, ಪುಣ್ಯವಂತೆ" ಅಂದರು. ಆ ಮಾತು ಕೇಳಿ ಕೇಳಿ ನನಗೆ ಮೈ ಉರಿಯಿತು. ಆ ವಯಸ್ಸಿಗೆ ಸಾಯುವುದರಲ್ಲಿ ಎಂಥ ಪುಣ್ಯ? ದೇವರಿಗೆ ಕಣ್ಣಿಲ್ಲ ಅಂತ ಎಲ್ಲರೆದುರೇ ಕೂಗಾಡಿದೆ.

ಸಾವಾದ ಮನೆಯಲ್ಲಿ ಹಾಲು, ಮೊಸರು, ಹೆಪ್ಪು ಒಂದನ್ನೂ ಉಳಿಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ದೇವಕಿ ಚಿಕ್ಕಮ್ಮ ಎಲ್ಲವನ್ನೂ ತೆಂಗಿನ ಬುಡಕ್ಕೆ ಸುರಿದಳು, ಶ್ರೀವಾಣಿಯ ಜಾಡಿಯಲ್ಲಿದ್ದ ಗಂಟುಗಳನ್ನೂ. ಸೂತಕ ಕಳೆದ ಮೇಲೆ ಬೇರೆ ಮನೆಯಿಂದ ಹೊಸ ಹೆಪ್ಪು ಬರಬೇಕು. ಅದನ್ನು ತರುವುದು ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕೆಲಸ.

ಶುದ್ಧಿಯ ದಿನ ನಾನು ಮೊಸರಿನ ಹೆಪ್ಪಿನ ಜೊತೆಗೆ ನನ್ನ ಮನೆಯಲ್ಲಿ ಉಳಿದಿದ್ದ ಆ ಗಂಟುಗಳನ್ನೂ ಒಂದು ಜಾಡಿಯಲ್ಲಿ ತಂದೆ. ದೊಡ್ಡ ಉಪಕಾರ ಮಾಡಿದವಳ ಹಾಗೆ ಪ್ರಶಾಂತನ ಮುಂದಿಟ್ಟೆ.

"ನೋಡೋ, ಶ್ರೀವಾಣಿ ಕೊಟ್ಟಿದ್ದೇ. ಹಾಳಾಗ್ಲಿಕ್ಕೆ ಬಿಡ್ಲಿಲ್ಲ ನಾನು."

ಅವನ ಮುಖ ಬಿಳಿಚಿಕೊಂಡಿತು. "ತಗಂಡು ಹೋಗು."

"ಎಂತಕ್ಕೆ ಮಾರಾಯ?"

"ತಗಂಡು ಹೋಗು ಅಂದ್ನಲ್ಲ ಅಕ್ಕ!"

ನೆಂಟರೆಲ್ಲ ತಿರುಗಿ ನೋಡಿದರು. ನನಗೂ ಸಿಟ್ಟು ನೆತ್ತಿಗೇರಿತು. ಜಾಡಿ ಎತ್ತಿಕೊಂಡು ಸಂಜೆ ಬಸ್ಸಿಗೇ ಕೊಪ್ಪಕ್ಕೆ ವಾಪಸು ಬಂದೆ.

ಆಮೇಲೆ ಒಂದು ದಿನ ಬೆಳಿಗ್ಗೆ, ಅವನ ಹಾಗೆಯೇ ಜೀಪು ಓಡಿಸುವ ಧರ್ಮೇಶ್ ಫೋನ್ ಮಾಡಿದ. "ಅಂಬಿಕಕ್ಕ, ನಿಮ್ಮ ತಮ್ಮ ಜೀಪು ಚರಂಡಿಗೆ ಇಳಿಸಿದ. ಒಳಗೆ ಆಳುಗಳಿದ್ರು. ಯಾರಿಗೂ ಎಂತ ಆಗ್ಲಿಲ್ಲ, ದೇವರು ದೊಡ್ಡವನು. ಅವ ಕಣ್ಣು ಬಿಟ್ಕೊಂಡೇ ತೂಕಡಿಸ್ತಾನೆ ಮಾರಾಯ್ರೆ. ಹಿಂಗೇ ಆದ್ರೆ ಉಳಿಯೂದಿಲ್ಲ."

ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುಂಬಿಕೊಂಡೆ. ಎಷ್ಟು ದಿನ ನಿಲ್ಲಬೇಕಾಗುತ್ತದೋ ಗೊತ್ತಿಲ್ಲ, ಮನೆಯಲ್ಲಿಟ್ಟರೆ ಹಾಳಾಗುತ್ತದೆ ಅಂತ ಆ ಜಾಡಿಯನ್ನೂ ಹಾಕಿಕೊಂಡೆ. ಹೋಗಿ ನೋಡಿದರೆ ಪ್ರಶಾಂತನ ಕೆನ್ನೆ ಒಳಗೆ ಹೋಗಿತ್ತು. ಹಾಸಿಗೆಯನ್ನು ಸುತ್ತಿ, ಹಗ್ಗ ಬಿಗಿದು ಮೂಲೆಗೆ ನಿಲ್ಲಿಸಿದ್ದ. ರಾತ್ರಿಯೆಲ್ಲ ದೀಪ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಾನಂತೆ.

"ಸಾಯೂದಾದ್ರೆ ನೀನೊಬ್ಬನೇ ಸಾಯಿ, ಆ ಬಡಪಾಯಿಗಳನ್ನ ಎಂತಕ್ಕೆ ಕರ್ಕೊಂಡು ಹೋಗ್ತೀಯ?" ಅಂದುಬಿಟ್ಟೆ.

ಅವನು ಸಿಟ್ಟಾಗಲಿಲ್ಲ. ನೆಲ ನೋಡುತ್ತಾ ಹೇಳಿದ: "ಅವಳು ನಿದ್ದೇಲಿ ಹೋಗ್ಲಿಲ್ಲ ಅಕ್ಕ. ನಾನು ಏಳುವಾಗ ನನ್ನ ಕಂಬಳಿ ಅಂಚು ಅವಳ ಮುಷ್ಟೀಲಿತ್ತು. ಬಿಡಿಸ್ಲಿಕ್ಕೆ ಆಗ್ಲಿಲ್ಲ. ಎಳೆದಿದಾಳೆ. ಕರ್ದಿರ್ತಾಳೆ. ನಾನು ಅವಳು ಕೊಟ್ಟಿದ್ದನ್ನ ಕುಡ್ದು ಗೊರಕೆ ಹೊಡೀತಿದ್ದೆ."

ಅದೇನು ಅಫೀಮಲ್ಲ, ದಿನವಿಡೀ ದುಡಿದವನಿಗೆ ನಿದ್ದೆ ಹತ್ತಿದ್ದು ತಪ್ಪಲ್ಲ ಅನ್ನಬೇಕೆಂದುಕೊಂಡೆ. ಅಂದರೂ ಆ ಮುಷ್ಟಿ ಸಡಿಲವಾಗುವುದಿಲ್ಲವಲ್ಲ. ಒಳಗೆ ಹೋಗಿ ಒಲೆಯ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ. ಆ ಹುಡುಗಿ ಎಷ್ಟು ಹೊತ್ತು ಎಳೆದಳೋ ಏನೋ.

ಅತ್ತು ಮುಗಿದ ಮೇಲೆ ಅನ್ನಕ್ಕಿಟ್ಟೆ. ದೊಡ್ಡಪತ್ರೆ ಕೊಯ್ದು, ಕಾಯಿ ಜೊತೆ ರುಬ್ಬಿ, ಜಾಡಿಯ ಹುಳಿಹಾಲನ್ನು ಸೋಸಿ ಬೆರೆಸಿ ತಂಬುಳಿ ಮಾಡಿದೆ. ಗುಟ್ಟಾಗಿ ಉಣ್ಣಿಸುವ ಬುದ್ಧಿ ನನ್ನದಲ್ಲ. ಜಾಡಿಯನ್ನು ಅವನ ತಟ್ಟೆಯ ಪಕ್ಕದಲ್ಲೇ ಇಟ್ಟೆ.

"ಇದರದ್ದೇ ತಂಬುಳಿ. ಉಣ್ಣೂದಾದ್ರೆ ಉಣ್ಣು. ಇಲ್ದಿದ್ರೆ ಹೇಳು, ಈಗಲೇ ತೆಂಗಿನ ಬುಡಕ್ಕೆ ಹಾಕ್ತೀನಿ. ನಿನ್ನ ಬದುಕಿಸ್ಲಿಕ್ಕೆ ಒದ್ದಾಡಿದವಳು ಅವಳು. ನಿನ್ನ ಕೊಲ್ಲಲಿಕ್ಕಲ್ಲ."

ಅವನು ಜಾಡಿಯನ್ನು ಎತ್ತಿ ನೋಡಿ ಕೆಳಗಿಟ್ಟ. ಆಮೇಲೆ ಕಲಸಿದ. ಮೊದಲ ತುತ್ತಿಗೇ ಅಳು ಬಂತು. ಸಾವಿನ ದಿನವೂ ಅಳದವನು, ಎಡಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ತಟ್ಟೆ ಖಾಲಿ ಮಾಡಿದ.

ಕೈ ತೊಳೆದು ಬಂದು ಹಾಸಿಗೆಯ ಹಗ್ಗ ಬಿಚ್ಚಿದ. ಮಧ್ಯಾಹ್ನದ ಬೆಳಕು ಬೀಳುತ್ತಿದ್ದ ಜಗಲಿಗೆ ಎಳೆದು ಹಾಸಿದ.

"ಅಕ್ಕ, ಇಲ್ಲೇ ಕೂತ್ಕೊ. ಯಾರಾದ್ರೂ ಕರದ್ರೆ ನನ್ನ ಎಬ್ಸು."

"ಎಬ್ಬಿಸ್ತೀನಿ. ಮಲಗು."

"ಸಣ್ಣಗೆ ಕರದ್ರೂ."

"ಸಣ್ಣಗೆ ಕರದ್ರೂ ಎಬ್ಬಿಸ್ತೀನಿ ಮಾರಾಯ."

ಗೋಡೆಗೆ ಒರಗಿ ಕೂತೆ. ಕೊಪ್ಪದ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು, ಅವನು ಅಲುಗಲಿಲ್ಲ. ಜಗಲಿಯ ಬಿಸಿಲು ಅಂಗಳಕ್ಕೆ ಇಳಿಯಿತು. ಕೊಟ್ಟ ಮಾತಿನಂತೆ ನಾನು ಕಿವಿಗೊಟ್ಟು ಕೂತೇ ಇದ್ದೆ. ಯಾರೂ ಕರೆಯಲಿಲ್ಲ.