ಆರು ಗಂಟೆಯ ರಿಂಗು

ಶವದ ವ್ಯಾನು ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟು ದಾಟುತ್ತಿದ್ದಂತೆ ಲೀಲಾವತಿ ಬರಿಗಾಲಲ್ಲಿ ಅದರ ಹಿಂದೆ ಓಡಿದರು. ಎಪ್ಪತ್ತೆರಡು ವರ್ಷದ ಆ ಮಂಡಿಗಳ ವೇಗ ಕಂಡು ದೆಹಲಿಯ ಮಯೂರ್ ವಿಹಾರದ ಮೆಟ್ರೋ ಕೂಡ ನಾಚಿಕೊಳ್ಳಬೇಕಿತ್ತು.

"ಫೋನು! ಜೀವನ್, ಅಪ್ಪನ ಫೋನು ಕಣೋ!"

ಮಗನಿಗೆ ಕೇಳಿಸಲಿಲ್ಲ. ವ್ಯಾನು ತಿರುವಿನಲ್ಲಿ ಮರೆಯಾಯಿತು.

ಕೆಳಮನೆಯ ಸುಶೀಲಮ್ಮ ಏದುಸಿರು ಬಿಡುತ್ತ ಬಂದು ತೋಳು ಹಿಡಿದರು. "ನಾಳೆ ಆರಕ್ಕೆ ಯಾರು ರಿಂಗ್ ಕೊಡ್ತಾರೆ ಅಂತ ಬಾಯಿ ತಪ್ಪಿ ಕೇಳ್ಬಿಟ್ಟೆ. ಹೋಗ್ಲಿ ಬಿಡೇ, ಲೀಲಾ."

"ಏನು ಹೋಗ್ಲಿ? ಬೇರೆ ನಂಬರಿಂದ ಬಂದ್ರೆ ಲೋನ್ ಕೊಡೋರು ಅಂತ ನೀವ್ಯಾರೂ ಮುಟ್ಟಲ್ಲ. ಅಪ್ಪ ಅದಿಲ್ದೆ ಹಾಲು ತರೋಕೂ ಹೋದವರಲ್ಲ ಅಂತ ಜೀವನ್ ಅವರ ಪಂಚೆಗೆ ಸಿಕ್ಕಿಸಿದ. ನಾನೂ ಅಳ್ತಾ ಹೂಂ ಅಂದೆ. ಇನ್ನರ್ಧ ಗಂಟೇಲಿ ಚಿತೆ ಮೇಲಿರತ್ತೆ!"

*

ಲೀಲಾವತಿಯ ಗಂಡ ದಕ್ಷಿಣಾಮೂರ್ತಿಗಳ ಗುಂಡಿ ಫೋನನ್ನು ಬರೀ ಫೋನು ಎನ್ನುವುದು ಐರಾವತವನ್ನು ದನ ಎಂದಂತೆ. ಹದಿನೇಳು ವರ್ಷದಲ್ಲಿ ಅದು ಮೂರನೇ ಮಹಡಿಯಿಂದ ನಾಲ್ಕು ಸಲ ಬಿದ್ದಿತ್ತು. ನಾಲ್ಕು ಸಲವೂ ರಿಪೇರಿ ಮಾಡಿಸಬೇಕಾದದ್ದು ಕೆಳಗಿನ ಸಿಮೆಂಟನ್ನು. ಯುಗಾದಿಗೆ ಚಾರ್ಜ್ ಮಾಡಿದರೆ ದೀಪಾವಳಿಯ ದೀಪ ನೋಡಿಯೇ ಮಲಗುತ್ತಿತ್ತು.

ಕೇಂದ್ರ ಸರ್ಕಾರದ ಗುಮಾಸ್ತಿಕೆಯಿಂದ ನಿವೃತ್ತರಾದ ಮರುದಿನವೇ ಮೂರ್ತಿಗಳು ಶುರುಮಾಡಿದ್ದರು. ಬೆಳಿಗ್ಗೆ ಆರಕ್ಕೆ, ಸೊಸೈಟಿಯ ಹನ್ನೊಂದು ಒಂಟಿ ವೃದ್ಧರಿಗೆ ಒಂದೊಂದು ಮಿಸ್ಡ್ ಕಾಲ್. ಕಟ್ ಮಾಡಿದರೆ ಕ್ಷೇಮ. ಮಾಡದಿದ್ದರೆ ಮೂರ್ತಿಗಳು ಅವರ ಬಾಗಿಲಲ್ಲಿ. ಬಚ್ಚಲಲ್ಲಿ ಜಾರಿ ಬಿದ್ದಿದ್ದ ಸುಶೀಲಮ್ಮ ಉಳಿದದ್ದು ಹಾಗೆ. ಆ ರಿಂಗು ಕಟ್ ಮಾಡಿದ ಮೇಲೆಯೇ ಹನ್ನೊಂದು ಮನೆಗಳ ಕಾಫಿಗೆ ರುಚಿ ಬರುತ್ತಿತ್ತು.

ಇವತ್ತು ಆರಕ್ಕೆ ಯಾರ ಫೋನೂ ಹೊಡೆದುಕೊಳ್ಳಲಿಲ್ಲ. ಆರೂಕಾಲಿಗೆ ಹನ್ನೊಂದು ಜನರೂ ಮೂರ್ತಿಗಳ ಬಾಗಿಲಲ್ಲಿ ನಿಂತಿದ್ದರು. ಸಾವಿನ ಸುದ್ದಿಯನ್ನು ಯಾರಿಗೂ ಹೇಳಿ ಕಳಿಸಬೇಕಾಗಲಿಲ್ಲ.

*

ಜೀವನ್‌ನ ಒಂದೂವರೆ ಲಕ್ಷದ ಫೋನು ಸಂತಾಪ ಕೇಳಿ ಕೇಳಿ ಹತ್ತು ಗಂಟೆಗೇ ಪ್ರಾಣ ಬಿಟ್ಟಿತ್ತು. ಲೀಲಾವತಿ ಸುಶೀಲಮ್ಮನ ಫೋನು ಕಿತ್ತುಕೊಂಡು ಗಂಡನಿಗೇ ರಿಂಗ್ ಕೊಟ್ಟರು.

ಮೊದಲು ಕೇಳಿಸಿದ್ದು ಯಾರದೋ ಚೀತ್ಕಾರ. ಆಮೇಲೆ ಡ್ರೈವರನ "ಹೇ ರಾಮ್!" ಮತ್ತು ಬ್ರೇಕು. ಕೊನೆಗೆ ನಡುಗುವ ದನಿ: "ಅ... ಅಪ್ಪಾ?"

"ಅಪ್ಪ ಅಲ್ವೋ, ನಾನು."

"ಅಮ್ಮಾ! ಸಬ್ ಡರ್ ಗಯೇ, ಎಲ್ಲರೂ ಹೆದರ್ಬಿಟ್ರು! ಅಪ್ಪನ ಹೊಟ್ಟೆ ಮೇಲೆ ರಿಂಗ್ ಆಗ್ತಿತ್ತು!"

"ತೆಗೆದಿಟ್ಕೋ. ಅವರು ರಿಟೈರ್ ಆದ್ರು, ಅದು ಆಗಿಲ್ಲ."

ಮಧ್ಯಾಹ್ನ ಜೀವನ್ ಒದ್ದೆ ತಲೆಯಲ್ಲಿ ಬಂದು ಫೋನನ್ನು ತಾಯಿಯ ಅಂಗೈಗಿಟ್ಟ. ಅದು ಗಂಡನ ಆಫೀಸು ಎಂದು ಲೀಲಾವತಿ ಹದಿನೇಳು ವರ್ಷ ಮುಟ್ಟಿರಲಿಲ್ಲ.

"ಕಲಿಸು."

"ಹೆಸರು ಹುಡುಕಿ ಹಸಿರು ಒತ್ತು. ಅಷ್ಟೇ."

ಒತ್ತಿದರು. ಎದುರು ಚಾಪೆಯಲ್ಲಿ ಕೂತಿದ್ದ ಸುಶೀಲಮ್ಮನ ಮಡಿಲಲ್ಲಿ ರಿಂಗಾಯಿತು. ಅವರ ಬೆರಳು ಕೆಂಪು ಗುಂಡಿಯ ಮೇಲೆ ಬಂದು ಹಾಗೇ ನಿಂತಿತು.

"ಆಂಟಿ, ಕಟ್ ಮಾಡಿ," ಎಂದ ಜೀವನ್.

ಸುಶೀಲಮ್ಮ ಮಾಡಲಿಲ್ಲ. ಲೀಲಾವತಿಯನ್ನೇ ನೋಡುತ್ತ ಕೂತರು. ರಿಂಗು ನಿಲ್ಲಲಿಲ್ಲ.

ಲೀಲಾವತಿ ಫೋನು ಕಿವಿಗೆ ಒತ್ತಿಕೊಂಡೇ ಎದ್ದು, ಆ ಎರಡು ಹೆಜ್ಜೆ ನಡೆದು ಬಂದು, ಅವರ ಪಕ್ಕದಲ್ಲಿ ಕೂತರು.