ಬೀರಪ್ಪನ ವೈಫೈ ಅರವಟಿಗೆ

ರಾಮವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯ ಸಾವಂತ್ರೆವ್ವ ಅವನ್ನು ಹಂಚಿನ ಮೇಲೆ ತಿರುವಿ ಹಾಕುತ್ತಿದ್ದಳು. ರಾಮವ್ವನ ಮಗಳು ಶೀತಲ್ ಬೆಂದ ರೊಟ್ಟಿಗಳನ್ನು ಒಲೆಯ ಸುತ್ತ ಒರಗಿಸಿ, ಕಡಕ್ ಆಗಲೆಂದು ನಿಲ್ಲಿಸುತ್ತಿದ್ದಳು. ಮೂವರಲ್ಲಿ ಒಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ.

ನೇಸರಗಿಯ ಆ ಓಣಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಈ ಇಬ್ಬರು ಹೆಂಗಸರು ಕೂಡಿ ಕುಳಿತರೆಂದರೆ ರೊಟ್ಟಿಯ ಸಪ್ಪಳಕ್ಕಿಂತ ಮಾತಿನ ಸಪ್ಪಳವೇ ಮೇಲಾಗುತ್ತಿತ್ತು. ಯಾರ ಎಮ್ಮೆ ಯಾರ ಹೊಲ ಹೊಕ್ಕಿತು, ಯಾರ ಸೊಸೆ ಯಾರಿಗೆ ಎದುರಾಡಿದಳು, ಎಲ್ಲವೂ ಈ ಒಲೆಯ ಮುಂದೆ ತೀರ್ಮಾನವಾಗಿಯೇ ಊರಿಗೆ ಹೋಗುತ್ತಿತ್ತು.

ಕೊನೆಯ ರೊಟ್ಟಿ ಇಳಿಯಿತು. ಸಾವಂತ್ರೆವ್ವ ಎದ್ದವಳೇ ಅರಿವೆಯಿಂದ ಹಿಡಿದು, ಇನ್ನೂ ಕಾದಿದ್ದ ಹಂಚನ್ನು ಒಲೆಯಿಂದ ಎತ್ತಿದಳು.

"ಹಂಚು ನಂದು," ಎಂದಳು.

"ಬಿಸಿ ಐತೆವಾ, ಕೈ ಸುಟ್ಟೀತು," ಎಂದಳು ರಾಮವ್ವ.

"ಹೊಟ್ಟಿನ ಸುಟ್ಟೈತಿ, ಕೈ ಯಾವ ದೊಡ್ಡ ಮಾತು! ನನ್ನ ಗಂಡನ ಹೆಸರು ನಿಮ್ಮ ಡಬ್ಬಿಯಿಂದ ಕೆಳಗ ಇಳಿಯೂ ತನಕ ನಾ ಈ ಹೊಸ್ತಿಲಾ ತುಳಿಯೂದಿಲ್ಲ."

ಹಂಚು ಹೊಗೆಯಾಡುತ್ತ ಮುಂದೆ ನಡೆಯಿತು, ಸಾವಂತ್ರೆವ್ವ ಹಿಂದೆ. ರಾಮವ್ವ ಹಿಟ್ಟಿನ ಕೈಯಲ್ಲೇ ತಲೆ ಹಿಡಿದುಕೊಂಡಳು. ನಾಡಿದ್ದು ಬೈಲಹೊಂಗಲದ ಮದುವೆಮನೆಗೆ ಬುಟ್ಟಿಗಟ್ಟಲೆ ಕಡಕ್ ರೊಟ್ಟಿ ಕೊಡುತ್ತೇವೆಂದು ಮಾತು ಕೊಟ್ಟಾಗಿತ್ತು. ದೊಡ್ಡ ಹಂಚೂ ಇಲ್ಲ, ತಿರುವಿ ಹಾಕುವ ಕೈಯೂ ಇಲ್ಲ. ಅದೆಲ್ಲಕ್ಕಿಂತ ಹೆಚ್ಚಾಗಿ, ಮಾತಿಗೆ ಮಾತು ಕೊಡುವ ಗೆಳತಿ ಇಲ್ಲ.

ಇಷ್ಟಕ್ಕೆಲ್ಲ ಕಾರಣ ಪಡಸಾಲೆಯ ಗೋಡೆಗೆ ನೇತಾಡುತ್ತಿದ್ದ, ಹಸಿರು ದೀಪ ಮಿಣಿಮಿಣಿ ಎನ್ನುವ ವೈಫೈ ಡಬ್ಬಿ.

ರೊಟ್ಟಿಯ ಆರ್ಡರ್ ಎಲ್ಲ ಫೋನಿನಲ್ಲಿ ಬರತೊಡಗಿದ ಮೇಲೆ ಆ ಡಬ್ಬಿಯನ್ನು ಹಾಕಿಸಿದ್ದರು. ಆರ್ಡರ್ ನೋಡುವ ಕೆಲಸ ಶೀತಲ್‌ಳದು. ಎಂಟನೆಯ ತರಗತಿಗೇ ಸಾಲಿ ಬಿಟ್ಟವಳು, ನಾಲ್ಕು ಜನರ ಮುಂದೆ ಬಾಯಿ ಬಿಡದವಳು, ಆದರೆ ಫೋನಿನಲ್ಲಿ ಚುರುಕು. ಅವಳ ಅಪ್ಪ ಬೀರಪ್ಪನೋ, ಧಾರಾಳ ಮನುಷ್ಯ. ಬೇಸಿಗೆ ಬಂತೆಂದರೆ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಮಣ್ಣಿನ ಗಡಿಗೆಯಿಟ್ಟು, ಹೋಗುವವರು ಬರುವವರಿಗೆಲ್ಲ ನೀರು ಕೊಡುವುದು ಅವನ ಅಪ್ಪನ ಕಾಲದಿಂದ ನಡೆದು ಬಂದ ಅರವಟಿಗೆಯ ಪದ್ಧತಿ. ವೈಫೈ ಬಂದ ವಾರದಲ್ಲೇ ಅವನು ಸುಣ್ಣದಲ್ಲಿ ಕಡ್ಡಿ ಅದ್ದಿ, ಅರವಟಿಗೆಯ ಹಿಂದಿನ ಗೋಡೆಯ ಮೇಲೆ ಪಾಸ್‌ವರ್ಡನ್ನು ದೊಡ್ಡದಾಗಿ ಬರೆದುಬಿಟ್ಟ. ಕೆಳಗೆ ಇನ್ನೊಂದು ಸಾಲು: "ನೀರು ಕುಡೀರಿ, ನೆಟ್ ಹಚ್ಚರಿ."

ಬಸ್ ತಪ್ಪಿದವರು, ಸಂತೆಗೆ ಬಂದವರು, ಕುರಿ ಕಾಯುವವರು, ಎಲ್ಲರೂ ಗಿಡದ ಕೆಳಗೆ ಕುಳಿತು ಒಂದು ಕೈಯಲ್ಲಿ ತಂಬಿಗೆ, ಒಂದು ಕೈಯಲ್ಲಿ ಫೋನು ಹಿಡಿದು ಬೀರಪ್ಪನನ್ನು ಹರಸಿದರು. ಮೂಲೆಯ ಚಹಾದಂಗಡಿಯ ಗಂಗಪ್ಪನಂತೂ ತನ್ನ ಅಂಗಡಿಯ ಟಿವಿಯನ್ನೇ ಈ ವೈಫೈಗೆ ಜೋಡಿಸಿಕೊಂಡ. ಗಂಗಪ್ಪ ಜಾಣ. ಅವನಿಗೆ ಜಗತ್ತಿನಲ್ಲಿ ಇದ್ದ ದೂರು ಒಂದೇ: "ಶಂಕರೆಪ್ಪನ ಹಾಲಿನಾಗ ಚಾ ಮಾಡಿದ್ರ ಗ್ಲಾಸಿನ ತಳಾ ಕಾಣತೈತಿ."

ಈ ಶಂಕರೆಪ್ಪನೇ ಸಾವಂತ್ರೆವ್ವನ ಗಂಡ. ಓಣಿಗೆಲ್ಲ ಹಾಲು ಹಾಕುವವನು.

ಒಂದು ಮುಂಜಾನೆ ಓಣಿಯ ಫೋನುಗಳಲ್ಲೆಲ್ಲ ಬೀರಪ್ಪನ ವೈಫೈಯ ಹೆಸರು ಬದಲಾಗಿತ್ತು. ಮೊದಲು ಅಲ್ಲಿ ಕಂಪನಿ ಇಟ್ಟ ಅರ್ಥವಾಗದ ಹೆಸರಿತ್ತು. ಈಗ ಇಂಗ್ಲಿಷ್ ಅಕ್ಷರದಲ್ಲಿ, ಅಚ್ಚ ಕನ್ನಡದಲ್ಲಿ, "ಶಂಕರೆಪ್ಪನ ಹಾಲು ನೀರು" ಎಂದಿತ್ತು.

ಶಂಕರೆಪ್ಪ ಹಾಲಿನ ಕ್ಯಾನು ಹಿಡಿದೇ ಬಂದ. "ಏ ಬೀರಪ್ಪಾ! ನಮ್ಮ ಎಮ್ಮಿ ನೀರು ಕುಡೀತೈತಿ, ಹಾಲು ಕೊಡತೈತಿ. ನಡುವ ನಾ ಕೈ ಹಾಕೂದಿಲ್ಲ! ನಿನ್ನ ಡಬ್ಬಿ ಊರಿಗೆಲ್ಲಾ ಏನು ಡಂಗುರಾ ಸಾರಾಕ ಹತ್ತೈತಿ?"

"ನಾ ಬರದಿಲ್ಲೋ ಮಾರಾಯಾ! ನನಗ ಸುಣ್ಣದಾಗ ಗ್ವಾಡಿ ಮ್ಯಾಲೆ ಬರ್ಯಾಕ ಬರತೈತಿ. ಗಾಳ್ಯಾಗ ಬರ್ಯಾಕ ಬರತೈತೇನು?"

"ಹಂಗಾರ ಅಳಸು."

ಅಳಿಸುವುದು ಹೇಗೆ? ಬೀರಪ್ಪ ಡಬ್ಬಿಯನ್ನು ಬಂದ್ ಮಾಡಿ ಚಾಲೂ ಮಾಡಿದ. ಹೆಸರು ಜಳಕ ಮಾಡಿ ಬಂದವರ ಹಾಗೆ ಮತ್ತೆ ತಾಜಾ ಆಗಿ ಬಂತು. ಬುಟ್ಟಿ ಮುಚ್ಚಿ ನೋಡಿದ. ಬುಟ್ಟಿಯ ಸಂದಿಯಿಂದಲೂ ಹೆಸರು ಬಂತು. ರಾಮವ್ವ ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದಳು. ಕುಂಕುಮದ ಜೊತೆಗೇ ಹೆಸರು ಬಂತು. ಕಡೆಗೆ ತಾಮ್ರದ ಹಂಡೆಯನ್ನು ಬೋರಲು ಹಾಕಿದರು. ಓಣಿಯಲ್ಲಿ ಹೆಸರೇನೋ ಮಾಯವಾಯಿತು, ಆದರೆ ಮನೆಯೊಳಗಿನ ಫೋನಿಗೂ ನೆಟ್ ಇಲ್ಲದೆ ರೊಟ್ಟಿಯ ಆರ್ಡರ್ ನಿಂತುಹೋಯಿತು. ಹಂಡೆ ಎತ್ತಿದರೆ ಮತ್ತೆ ಶಂಕರೆಪ್ಪನ ಹಾಲು, ಮತ್ತೆ ನೀರು.

"ಛೀ ಛೀ, ಇಂಥಾ ಕೆಲಸಾ ಮಾಡಿದವ್ರ ಕೈ ಬಿದ್ದು ಹೋಗ್ಲಿ," ಎಂದು ಎಲ್ಲರಿಗಿಂತ ಜೋರಾಗಿ ಮರುಗಿದವನು ಗಂಗಪ್ಪ. ಶೀತಲ್ ಅವನ ಮುಖವನ್ನೊಮ್ಮೆ ನೋಡಿದಳು.

ಹಂಚು ಹೊರಟುಹೋದ ಆ ದಿನ ಮಾತ್ರ ಅವಳಿಗೆ ಸುಮ್ಮನಿರಲಾಗಲಿಲ್ಲ. ಅವ್ವ ಒಂಟಿಯಾಗಿ ಒಲೆಯ ಮುಂದೆ ಕುಳಿತದ್ದನ್ನು ನೋಡಿ, ಚಪ್ಪಲಿ ಮೆಟ್ಟಿ, ಪಂಚಾಯಿತಿಯ ಗ್ರಂಥಾಲಯಕ್ಕೆ ಹೋದಳು. ಅಲ್ಲಿ ನರ್ಮದಾಬಾಯಿ ಇದ್ದರು. ಪುಸ್ತಕ ಕೊಡುವುದರ ಜೊತೆಗೆ ಹೆಂಗಸರಿಗೆ ಕಂಪ್ಯೂಟರ್ ಕಲಿಸುತ್ತಿದ್ದವರು. ಶೀತಲ್ ಬಾಗಿಲಿಗೆ ಆತು ನಿಂತಳು. ಒಳಗೆ ಹೋಗಲು ಧೈರ್ಯ ಬರಲಿಲ್ಲ, ತಿರುಗಿ ಹೋಗಲು ಮನಸ್ಸು ಬರಲಿಲ್ಲ.

"ಬಾಗಲಾ ಬೀಳಂಗಿಲ್ಲವಾ, ಹಿಡಕೊಂಡು ನಿಲ್ಲಬ್ಯಾಡ. ಒಳಗ ಬಾ," ಎಂದರು ನರ್ಮದಾಬಾಯಿ.

ಶೀತಲ್ ತಲೆ ತಗ್ಗಿಸಿಯೇ ಎಲ್ಲವನ್ನೂ ಹೇಳಿದಳು. ಗೋಡೆಯ ಮೇಲಿನ ಪಾಸ್‌ವರ್ಡಿನ ಮಾತು ಬಂದಾಗ ನರ್ಮದಾಬಾಯಿ ಕನ್ನಡಕ ತೆಗೆದರು. ಹಂಡೆಯ ಮಾತು ಬಂದಾಗ ನಗು ತಡೆಯಲಾಗದೆ ಪುಸ್ತಕದಿಂದ ಮುಖ ಮುಚ್ಚಿಕೊಂಡರು. ಆಮೇಲೆ ಎದ್ದು ಅವಳ ಜೊತೆಗೇ ಹೊರಟರು.

ಮನೆಗೆ ಬಂದಾಗ ಬೀರಪ್ಪ ಕೈಯಲ್ಲಿ ಸೂಜಿ ಹಿಡಿದು ಡಬ್ಬಿಯ ಹಿಂದಿನ ಸಣ್ಣ ತೂತನ್ನು ನೋಡುತ್ತಿದ್ದ.

"ಬೀರಪ್ಪಾ, ನಿಲ್ಲು! ಆ ತೂತಿನಾಗ ಚುಚ್ಚಿದ್ರ ಡಬ್ಬಿ ಇದ್ದದ್ದೆಲ್ಲಾ ಮರೀತದ. ನೆಟ್ ಬರೂದೂ ನಿಲ್ಲಬಹುದು. ಆಮ್ಯಾಲೆ ಕಂಪನಿ ಹುಡುಗರನ್ನ ಕರೀಬೇಕಾಗ್ತದ."

ಬೀರಪ್ಪ ಸೂಜಿಯನ್ನು ಟೋಪಿಗೆ ಚುಚ್ಚಿಕೊಂಡ. "ಮತ್ತೇನು ಮಾಡೂದ್ರಿ ಅಕ್ಕಾರ?"

"ಮೊದಲ ಆ ಗ್ವಾಡಿ ಮ್ಯಾಲಿಂದು ಅಳಸು. ಪಾಸ್‌ವರ್ಡ್ ಬದಲೀ ಮಾಡೋಣ."

"ಅದೊಂದು ಆಗೂದಿಲ್ರಿ," ಬೀರಪ್ಪ ಕಟ್ಟೆಯ ಮೇಲೆ ಗಟ್ಟಿಯಾಗಿ ಕುಳಿತ. "ನೀರು ಕೇಳಿದವ್ರಿಗೆ ಇಲ್ಲ ಅಂದ ಮನಿ ಅಲ್ಲ ಇದು. ನೀರು ಬ್ಯಾರೆ ಅಲ್ಲ, ನೆಟ್ ಬ್ಯಾರೆ ಅಲ್ಲ. ನಮ್ಮಪ್ಪ ಮ್ಯಾಲಿಂದ ನೋಡಿದ್ರ ಏನಂತಾನು?"

"ನಿಮ್ಮಪ್ಪ ಅರವಟಿಗಿ ಇಟ್ಟಿದ್ನಲ್ಲ, ಗಡಿಗಿ ಕೊರಳಿಗೆ ಮನಿ ಕೀಲಿಕೈ ಕಟ್ಟಿದ್ನೇನು?"

ಬೀರಪ್ಪ ಕಣ್ಣು ಮಿಟುಕಿಸಿದ.

"ನೋಡು, ಈ ಡಬ್ಬಿಗೆ ಎರಡು ಕೀಲಿ ಅವ. ಒಂದು ನೆಟ್ ಹಚ್ಚೂದು. ಅದನ್ನ ನೀ ಗ್ವಾಡಿ ಮ್ಯಾಲೆ ಬರದಿ. ಇನ್ನೊಂದು ಡಬ್ಬಿಯನ್ನ ಆಳೂ ಕೀಲಿ. ಹೆಸರು ಬದಲೀ ಮಾಡೂದು, ಯಾರನ್ನ ಬಿಡೂದು ಯಾರನ್ನ ತಡಿಯೂದು, ಎಲ್ಲಾ ಅದರಾಗ. ಕಂಪನಿಯಿಂದ ಬರೂವಾಗ ಆ ಕೀಲಿ ಬಾಳ ಡಬ್ಬಿಗೆ ಒಂದೇ ಇರ್ತದ, 'ಅಡ್ಮಿನ್' ಅಂತ. ನೀ ಬದಲೀ ಮಾಡಿಯೇನು?"

"ಇನ್ನೊಂದು ಕೀಲಿ ಐತಿ ಅನ್ನೂದ ನನಗ ಗೊತ್ತಿಲ್ರಿ."

"ನಿನಗ ಗೊತ್ತಿಲ್ಲ, ಗಿಡದ ಕೆಳಗ ಕುಂತವನಿಗೆ ಗೊತ್ತಿತ್ತು. ಒಳಗ ಹೊಕ್ಕ, ಹೆಸರು ಬರದ, ಎದ್ದು ಹೋದ. ಇವತ್ತು ಹಾಲಿನ ಚ್ಯಾಷ್ಟಿ ಆತು. ನಾಳೆ ಯಾರರೆ ನಿನ್ನ ನೆಟ್ಟಿನಿಂದ ಯಾರಿಗೋ ಮೋಸಾ ಮಾಡಿದ್ರ? ಕೇಳಾಕ ಬರೂ ಪೊಲೀಸ್ರು ಮೊದಲ ಯಾರ ಬಾಗಲಕ್ಕ ಬರ್ತಾರ?"

ಬೀರಪ್ಪ ತನ್ನ ಬಾಗಿಲನ್ನು ನೋಡಿದ. ರಾಮವ್ವ ಒಳಗಿನಿಂದ, "ಈಗಿನ್ನೂ ಹಂಚು ಹೋಗೈತಿ. ಇನ್ನ ಗಂಡನ್ನೂ ಒಯ್ಯಲಿ ಅಂತೀರೇನು? ಮೊದಲ ಬದಲೀ ಮಾಡ್ರಿ," ಎಂದು ಕೂಗಿದಳು.

"ಆದ್ರೂ ಹಾದಿಹೋಕರಿಗೆ ಇಲ್ಲ ಅನ್ನೂದು..." ಬೀರಪ್ಪ ಗೊಣಗಿದ.

"ಇಲ್ಲ ಅನಬ್ಯಾಡ. ಡಬ್ಬಿಯೊಳಗನ ಅತಿಥಿಗಳಿಗೆ ಅಂತ ಬ್ಯಾರೆ ದಾರಿ ಅದ. ಗೆಸ್ಟ್ ನೆಟ್‌ವರ್ಕ್ ಅಂತಾರ. ಹೊರಗಿನ ಗಡಿಗಿ ಹೊರಗಿನವ್ರಿಗೆ, ಒಳಗಿನ ಕೊಡ ಮನಿಯವ್ರಿಗೆ. ಅದಕ್ಕೂ ಪಾಸ್‌ವರ್ಡ್ ಇರ್ತದ, ಗ್ವಾಡಿ ಮ್ಯಾಲೆ ಬರಿಯೂದಿಲ್ಲ. ಗುರುತಿನವ್ರು ಕೇಳಿದ್ರ ಹೇಳೂದು, ಆಗಾಗ ಬದಲೀ ಮಾಡೂದು, ಬ್ಯಾಡಾದಾಗ ಬಂದ್ ಮಾಡೂದು."

ಬೀರಪ್ಪನ ಮುಖ ಅರಳಿತು. "ಇದನ್ನ ಮೊದಲ ಹೇಳಬಾರದೇನ್ರಿ!"

ನರ್ಮದಾಬಾಯಿ ತಾವು ಮುಟ್ಟಲಿಲ್ಲ. ಶೀತಲ್‌ಳ ಕೈಗೇ ಫೋನು ಕೊಟ್ಟು ಪಕ್ಕದಲ್ಲಿ ಕುಳಿತರು. ಡಬ್ಬಿಯ ತಳದ ಚೀಟಿಯಲ್ಲಿ ಅಂಕಿ ಚುಕ್ಕಿಗಳ ಒಂದು ವಿಳಾಸವಿತ್ತು. ಡಬ್ಬಿಯ ವೈಫೈಗೆ ಫೋನು ಜೋಡಿಸಿ, ಬ್ರೌಸರಿನಲ್ಲಿ ಆ ವಿಳಾಸ ಹಾಕಿದಾಗ ಡಬ್ಬಿಯ ಬಾಗಿಲು ತೆರೆಯಿತು. ಹೆಸರು ಕೇಳಿತು, ಅಡ್ಮಿನ್. ಪಾಸ್‌ವರ್ಡ್ ಕೇಳಿತು, ಅದೂ ಅಡ್ಮಿನ್. ಒಳಗೆ ಬಿಟ್ಟೇಬಿಟ್ಟಿತು.

"ನೋಡ್ರಿ, ಬಾಗಲಾ ತಗದ ಇತ್ತು," ಎಂದಳು ಶೀತಲ್. ಆ ದಿನ ಅವಳು ತಾನಾಗಿ ಆಡಿದ ಮೊದಲ ಗಟ್ಟಿ ಮಾತು.

ಮೊದಲು ಡಬ್ಬಿಯನ್ನು ಆಳುವ ಪಾಸ್‌ವರ್ಡ್ ಬದಲಾಯಿತು. ಆಮೇಲೆ ವೈಫೈಯದು. ಬೀರಪ್ಪ ತನ್ನ ಫೋನ್ ನಂಬರನ್ನೇ ಇಡೋಣ ಎಂದ. "ಅದು ಓಣಿಗೆಲ್ಲಾ ಬಾಯಿಪಾಠ ಅದ," ಎಂದರು ನರ್ಮದಾಬಾಯಿ. ಹೆಸರು, ಹುಟ್ಟಿದ ದಿನ, ನಂಬರು ಯಾವುದೂ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಶಬ್ದ ಕೂಡಿಸಿ ಉದ್ದ ಮಾಡಿದರೆ ನೆನಪೂ ಇರುತ್ತದೆ, ಊಹೆಗೂ ಸಿಗುವುದಿಲ್ಲ. ಎರಡು ಕೀಲಿಗೆ ಎರಡು ಬೇರೆ ಪಾಸ್‌ವರ್ಡ್. ಭದ್ರತೆ ಎಂಬಲ್ಲಿ ಎಲ್ಲಕ್ಕಿಂತ ಗಟ್ಟಿ ಬೀಗವಾದ ಡಬ್ಲ್ಯೂಪಿಎ-ಮೂರು (WPA3), ಅದಿಲ್ಲದಿದ್ದರೆ ಡಬ್ಲ್ಯೂಪಿಎ-ಎರಡು. ಪಾಸ್‌ವರ್ಡ್ ಇಲ್ಲದೆ ಗುಂಡಿ ಒತ್ತಿ ಸೇರಿಸುವ ಡಬ್ಲ್ಯೂಪಿಎಸ್ ಬಂದ್. ದೂರದಿಂದ ಡಬ್ಬಿಯನ್ನು ಆಳುವ ದಾರಿಯೂ ಬಂದ್. ಹೊಸ ಅಪ್‌ಡೇಟ್ ಇದ್ದರೆ ಹಾಕುವುದು.

"ಹೆಸರು ಏನಿಡೂದು?" ಎಂದರು ನರ್ಮದಾಬಾಯಿ.

"ಶಂಕರೆಪ್ಪನ ಹಾಲು ಗಟ್ಟಿ ಅಂತ ಇಡ್ರಿ. ಎಲ್ಲಾ ಸಮಾ ಆಗತೈತಿ," ಎಂದ ಬೀರಪ್ಪ.

"ಸುಳ್ಳು ಹೇಳಬಾರದು," ಎಂದಳು ಒಳಗಿನಿಂದ ರಾಮವ್ವ.

ಮನುಷ್ಯರ ಹೆಸರೂ ಮನೆಯ ಹೆಸರೂ ಬೇಡವೆಂದರು ನರ್ಮದಾಬಾಯಿ. ಶೀತಲ್ ಒಲೆಯ ಕಡೆಗೊಮ್ಮೆ ನೋಡಿ "ಎರಡು ಕೈ ರೊಟ್ಟಿ" ಎಂದು ಬರೆದಳು. ಅತಿಥಿಗಳದಕ್ಕೆ "ಅರವಟಿಗೆ". ಆಮೇಲೆ ಉಳಿಸುವ ಗುಂಡಿ ಒತ್ತಿದಳು.

ಓಣಿಯಲ್ಲಿ ಒಮ್ಮೆಲೇ ಹಾಹಾಕಾರವೆದ್ದಿತು. ಗಿಡದ ಕೆಳಗಿನವರು ಫೋನನ್ನು ಎತ್ತಿ ಎತ್ತಿ ಆಕಾಶಕ್ಕೆ ತೋರಿಸಿದರು. ಗಂಗಪ್ಪನ ಟಿವಿಯಲ್ಲಿ ಚೆಂಡು ಎಸೆಯಲು ಓಡಿಬಂದವನು ಓಡುವ ಭಂಗಿಯಲ್ಲೇ ನಿಂತ. ಎಲ್ಲರಿಗಿಂತ ಮೊದಲು ಹೊಸ್ತಿಲಿಗೆ ಬಂದವನು ಶಂಕರೆಪ್ಪ.

"ಬೀರಪ್ಪಾ, ನೆಟ್ ಹೋತು!"

"ನಿನಗೆಲ್ಲಿಂದ ಬಂತೋ ನಮ್ಮ ನೆಟ್? ನೀ ನಮ್ಮ ಮ್ಯಾಲೆ ಸಿಟ್ಟಾಗಿದ್ದಿ ಅಲ್ಲ?"

"ಸಿಟ್ಟು ನಿನ್ನ ಮ್ಯಾಲೆ. ನೆಟ್ಟಿನ ಮ್ಯಾಲೆ ನನಗೇನು ಸಿಟ್ಟು?"

ಇತ್ತ ಶೀತಲ್ ಫೋನು ಹಿಡಿದು ಸಾವಂತ್ರೆವ್ವನ ಬಾಗಿಲಿಗೆ ಹೋಗಿದ್ದಳು. ಫೋನನ್ನು ಮಾತ್ರ ಮುಂದೆ ಹಿಡಿದಳು. ಸಾವಂತ್ರೆವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಗಂಡನ ಹೆಸರು ಎಲ್ಲೂ ಇರಲಿಲ್ಲ.

"ಇದೇನು ಬರದಿ?"

"ಎರಡು ಕೈ ರೊಟ್ಟಿ ಅಂತ ಚಿಗವ್ವಾ. ಒಂದು ಕೈ ಅವ್ವಂದು. ಒಂದು... ನಿಮ್ಮದು."

ಸಾವಂತ್ರೆವ್ವ ಒಳಗೆ ಹೋದಳು. ಒಳಗೆ ಪಾತ್ರೆ ಸದ್ದಾಯಿತು. ಸಾವಂತ್ರೆವ್ವ ಹೊರಬಂದು ಹಂಚನ್ನು ಅವಳ ಕೈಗಿಟ್ಟಳು.

"ಹಿಡಿ, ತಣ್ಣಗ ಆಗೈತಿ. ನಿಮ್ಮವ್ವಗ ಹಿಟ್ಟು ಜರಡಿ ಹಿಡಿ ಅನ್ನು, ಬಂದೆ."

ಮದುವೆಯ ರೊಟ್ಟಿ ಹೊತ್ತಿಗೆ ಸರಿಯಾಗಿ ಬೈಲಹೊಂಗಲದ ಬಸ್ ಹತ್ತಿತು. ಒಲೆಯ ಮುಂದೆ ಮತ್ತೆ ಊರಿನ ನ್ಯಾಯ ಶುರುವಾಯಿತು. ಡಬ್ಬಿ ಪಡಸಾಲೆಯ ಗೋಡೆಯಲ್ಲೇ ಗಾಳಿಯಾಡುವ ಇನ್ನೂ ಎತ್ತರದ ಜಾಗಕ್ಕೆ ಹೋಯಿತು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಇವತ್ತೇ ಅದರ ತಳದ ಚೀಟಿ ನೋಡಿ. ಎರಡೂ ಕೀಲಿ ಬದಲಿಸಿ. ಹೊಸದನ್ನು ಬರೆದು ಟ್ರಂಕಿನಲ್ಲಿಡಿ, ಗೋಡೆಯ ಮೇಲಲ್ಲ. ಬಂದವರಿಗೆ ಬೇರೆ ದಾರಿ ಮಾಡಿಕೊಡಿ. ತಿಳಿಯದಿದ್ದರೆ ನಿಮ್ಮ ಕಂಪನಿಯವರನ್ನು ಕೇಳಿ, ತಿಳಿದ ನೆರೆಯವರನ್ನು ಕೇಳಿ. ಕೇಳಲು ನಾಚಬೇಡಿ. ಶೀತಲ್ ಕೂಡ ಬಾಗಿಲು ಹಿಡಿದೇ ನಿಂತಿದ್ದಳು.

ಬೀರಪ್ಪ ಗೋಡೆಗೆ ಹೊಸ ಸುಣ್ಣ ಬಳಿದಿದ್ದಾನೆ. ಗಡಿಗೆ ಮಾತ್ರ ಇದ್ದಲ್ಲೇ ಇದೆ. ಸಂಜೆ ಗಿಡದ ಕೆಳಗೆ ಜನ ಕೂಡಿದಾಗ ಅವನು ಕಟ್ಟೆಯ ಮೇಲೆ ಕುಳಿತು ದಿನವೂ ಒಂದೇ ಮಾತು ಕೇಳುತ್ತಾನೆ:

"ಆ ಹೆಸರು ಬರದವ್ರು ಯಾರಂತ ಒಮ್ಮೆ ಹೇಳ್ರೆಪಾ. ನಾ ಬೈಯೂದಿಲ್ಲ."

ಶೀತಲ್ ಬಾಗಿಲ ಮರೆಯಿಂದ ನೋಡುತ್ತಾಳೆ. ಎಲ್ಲರೂ ಬೇವಿನ ಗಿಡವನ್ನು ನೋಡುತ್ತಾರೆ. ಗಂಗಪ್ಪ ಇನ್ನೊಂದು ತಂಬಿಗೆ ನೀರು ಎತ್ತಿ, ಗಟಗಟನೆ ಕುಡಿಯುತ್ತಲೇ ಇರುತ್ತಾನೆ.