ಕರಗದ ತಂತಿ

ಅಂದು ಸೋಮವಾರ. ಪೂಜೆ ಮುಗಿಸಿ ಇಷ್ಟಲಿಂಗವನ್ನು ಕೊರಳಿನ ಬೆಳ್ಳಿಯ ಕರಡಿಗೆಯೊಳಗಿಡುತ್ತಿದ್ದೆ. ಹಿಟ್ಟಿನ ಗಿರಣಿಯ ಆಳು ಚಿಕ್ಕಹನುಮಂತಪ್ಪ ಓಡಿಬಂದು ಹೊಸ್ತಿಲಾಚೆಯೇ ನಿಂತ.

“ಯಜಮಾನ್ರೇ, ಮೇಷ್ಟ್ರಿಗೆ... ಕರೆಂಟು ಹೊಡೀತು.”

ಜೀವ ಉಳಿದಿಲ್ಲವೆಂದು ಅವನ ಮುಖ ನೋಡಿಯೇ ತಿಳಿಯಿತು.

ಮೇಷ್ಟ್ರು ಎಂದರೆ ನನ್ನ ತಮ್ಮ ಮಹೇಶ್ವರಪ್ಪ. ಹೊನ್ನಾಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ಎಪ್ಪತ್ತೆಂಟರ ಬೇಸಿಗೆ ರಜೆಗೆ ನಮ್ಮೂರು ತ್ಯಾವಣಿಗೆಗೆ ಬಂದಿದ್ದ. ಜೋಳ ಬೀಸಿಸಲು ಹೋದವನು ಯಂತ್ರದ ಕಬ್ಬಿಣದ ಮೈಗೆ ಕೈ ಊರಿದನಂತೆ.

ಹಿಂದಿನ ವಾರ ನಾನೂ ಅವನ ಜೊತೆ ಅಲ್ಲಿಗೆ ಹೋಗಿದ್ದೆ. ಫ್ಯೂಸು ಪದೇ ಪದೇ ಹೋಗುತ್ತದೆಂದು ಗಿರಣಿಯ ಮಾಲೀಕ ಕೊಟ್ರಬಸಪ್ಪ ಅದಕ್ಕೆ ದಪ್ಪ ತಂತಿ ಸುತ್ತಿದ್ದ. ನಮ್ಮ ಕಡೆ ಪಂಪ್‌ಸೆಟ್ಟುಗಳಿಗೂ ಹಾಗೆಯೇ ಸುತ್ತುವುದು.

“ಫ್ಯೂಸು ಅನ್ನೋ ಮಾತು ಲ್ಯಾಟಿನ್ನಿಂದ ಬಂದದ್ದು, ಕೊಟ್ರಬಸಪ್ಪ. ಕರಗಿಸಿ ಹೊಯ್ಯೋದು ಅಂತ ಅರ್ಥ. ಕರಗಾಕೆ ಅಂತಲೇ ಅದನ್ನ ಇಟ್ಟಿರೋದು. ಅದು ಕರಗಿದ್ರೆ ನಾವು ಉಳೀತೀವಿ” ಎಂದಿದ್ದ ತಮ್ಮ.

“ಅದು ಕರಗ್ತಾ ಕುಂತ್ರೆ ಹಿಟ್ಟು ಯಾರು ಬೀಸ್ತಾರ್ರೀ ಮೇಷ್ಟ್ರೇ? ನಿಮ್ಮ ಲ್ಯಾಟಿನ್ ಬೀಸ್ತೈತಾ?”

ಡಬ್ಬಿ ಹಿಡಿದು ನಿಂತ ಹೆಂಗಸರು ನಕ್ಕರು. ತಮ್ಮನೂ ನಕ್ಕ.

ತಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ಅವನ ಹೆಸರಿನ ಶಿವಗಣಾರಾಧನೆಯ ಊಟಕ್ಕೆ ಹಿಟ್ಟು ಬೇಕಾಯಿತು. ಅಷ್ಟರಲ್ಲಿ ಗಿರಣಿ ಮತ್ತೆ ಶುರುವಾಗಿತ್ತು. ನಾನು ಜೋಳದ ಚೀಲ ಎತ್ತಿಕೊಂಡೆ. ತಮ್ಮನ ಹೆಂಡತಿ ಕಸ್ತೂರಮ್ಮ ಅಡ್ಡ ನಿಂತಳು.

“ಆ ಹಿಟ್ಟು ಈ ಮನೆಗೆ ಬರಬಾರದು, ಭಾವಾರೇ.”

“ಹಿಟ್ಟಿಗಷ್ಟೇ ಅಲ್ಲಮ್ಮ, ಆ ತಂತಿ ತೆಗೆಸಬೇಕು. ಇನ್ನೊಂದು ಮನೆಗೆ ಇಂಥ ಸುದ್ದಿ ಹೋಗಬಾರದು.”

ಗಿರಣಿಯಲ್ಲಿ ಎಂದಿನಂತೆ ಹೆಂಗಸರು ಸಾಲಾಗಿ ನಿಂತಿದ್ದರು. “ಮೊದಲು ತೆಳು ತಂತಿ ಹಾಕು. ಆಮೇಲೆ ಬೀಸುವೆಯಂತೆ” ಎಂದೆ. ಕೊಟ್ರಬಸಪ್ಪ ದಪ್ಪ ತಂತಿ ಕಿತ್ತ. ತೆಳು ತಂತಿ ಸುತ್ತಿ ಸ್ವಿಚ್ಚು ಹಾಕಿದ.

ಚಟ್ಟನೆ ಸಿಡಿದು ಎಲ್ಲ ನಿಂತುಹೋಯಿತು. ಮತ್ತೆ ಸುತ್ತಿದ. ಮತ್ತೆ ಕರಗಿತು.

“ಮೋಟಾರಿನಾಗೇ ದೋಷ ಐತೆ, ಯಜಮಾನ್ರೇ, ಕರೆಂಟು ಯಂತ್ರದ ಮೈಗೆ ಇಳೀತೈತೆ” ಎಂದು ಅವನು ಹಿಟ್ಟು ಚೆಲ್ಲಿದ ನೆಲದ ಮೇಲೆ ಕುಸಿದ. “ಫ್ಯೂಸು ದಿನಾ ಅದನ್ನೇ ಹೇಳ್ತಿತ್ತು. ನಾನೇ ಅದರ ಬಾಯಿ ಕಟ್ಟಿದೆ.”

ಕರಗಿ ಗುಂಡಾದ ತಂತಿಯ ಚೂರನ್ನು ಅಂಗೈಯಲ್ಲಿಟ್ಟುಕೊಂಡೆ. ಇನ್ನೂ ಬಿಸಿಯಿತ್ತು. ಇಷ್ಟು ಚೂರು ಆ ಸೋಮವಾರ ಕರಗಿದ್ದರೆ ಸಾಕಿತ್ತು.

ಮೋಟಾರು ಬಿಚ್ಚಿಸಿ, ಜೋಳವನ್ನು ಹಾಗೆಯೇ ಮನೆಗೆ ಹೊತ್ತು ತಂದೆ. ಕಸ್ತೂರಮ್ಮ ಬೀಸುವ ಕಲ್ಲಿನ ಮುಂದೆ ಕುಳಿತಳು. ಕಲ್ಲಿನ ಸದ್ದು ಕೇಳುತ್ತಾ ಲಿಂಗವನ್ನು ಅಂಗೈಗೆ ತೆಗೆದುಕೊಂಡೆ.

ಶಿವನೇ, ಕರಗಬೇಕಾದದ್ದು ಕರಗಲಿಲ್ಲ. ನನ್ನ ತಮ್ಮನನ್ನು ನಿನ್ನೊಳಗೆ ಕರಗಿಸಿಕೋ. ಅವನ ಜೀವಕ್ಕೆ ಶಾಂತಿ ಕೊಡು.